ರ್ಯಾಕ್‌ನಲ್ಲಿ ಕೂರುವ ಡಿಸ್‌ಲ್ಯಾಮ್: ಮುಖಫಲಕ ಓದುವುದರಿಂದ ಕೊನೆಯ ಪೇರ್ ಕಟ್ಟುವವರೆಗೆ

ಟೆಲಿಫೋನ್ ತಂತಿಯ ಮೇಲೆ ಹತ್ತಾರು ಮನೆಗಳಿಗೆ ಇಂಟರ್ನೆಟ್ (ಡಿಎಸ್‌ಎಲ್) ಹಂಚುವ ಡಬ್ಬವೇ ಡಿಸ್‌ಲ್ಯಾಮ್. ಅದು ಕೆಟ್ಟಿದೆ ಎಂದು ದೂರು ಬಂದಾಗ ಒಳಗಿನ ಬೋರ್ಡೇ ಸುಟ್ಟಿರುವುದು ಅಪರೂಪ. ಸಡಿಲ ಬಿಟ್ಟ ಲಗ್ (ತಂತಿಯ ತುದಿಯ ಲೋಹದ ಕೊಂಡಿ), ಅರ್ಧ ಕೂತ ಕನೆಕ್ಟರ್, ಅದಲು ಬದಲಾದ ಸ್ಪ್ಲಿಟರ್ (ಮಾತು, ಇಂಟರ್ನೆಟ್ ಬೇರ್ಪಡಿಸುವ ಫಿಲ್ಟರ್) ಕೇಬಲ್, ಧೂಳು ಮೆತ್ತಿದ ಫ್ಯಾನ್, ಇಂಥವೇ ಹೆಚ್ಚು. ಹೊರಗಿನ ತಂತಿ ಡಬ್ಬದೊಳಗೆ ಕಾಲಿಡುವ ಜಾಗದಲ್ಲೇ ಬಹುಪಾಲು ಜಗಳ. ಹಾಗಾಗಿ ಕಾನ್ಫಿಗರೇಶನ್‌ಗೆ ಕೈಹಾಕುವ ಮೊದಲು ಹಾರ್ಡ್‌ವೇರ್ ಅನ್ನು ಕಣ್ಣಿನಿಂದಲೂ ಮೀಟರ್‌ನಿಂದಲೂ ಓದಲು ಬರಬೇಕು.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು 48 ಪೋರ್ಟ್‌ನ, ಸ್ಪ್ಲಿಟರ್ ಒಳಗೇ ಇರುವ, ವಿಡಿಎಸ್‌ಎಲ್2 ಐಪಿ ಡಿಸ್‌ಲ್ಯಾಮ್. ವಿಡಿಎಸ್‌ಎಲ್2 ಎಂದರೆ ಡಿಎಸ್‌ಎಲ್‌ನ ವೇಗದ ಬಗೆ; ಹಳೆಯ, ನಿಧಾನದ ಬಗೆಯಾದ ಎಡಿಎಸ್‌ಎಲ್2+ ಮೋಡೆಮ್‌ಗಳಿಗೂ ಇದು ಒಗ್ಗುತ್ತದೆ. ಫೈಬರ್ ಎಳೆಯಲಾಗದ ಹಳೆಯ ಹೋಟೆಲು, ಹಾಸ್ಟೆಲು, ಕಾರ್ಖಾನೆಯ ಕ್ವಾರ್ಟರ್ಸ್, ಆಸ್ಪತ್ರೆ ಆವರಣಗಳಲ್ಲಿ ಟೆಲಿಫೋನ್ ತಾಮ್ರ ಈಗಾಗಲೇ ಗೋಡೆಯೊಳಗಿದ್ದರೆ ಈ ಬಗೆಯ ಡಬ್ಬ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಕಾರ್ಡ್ ಸಿಕ್ಕಿಸುವ ದೊಡ್ಡ ಚಾಸಿಯ ವಿಷಯ ಕೊನೆಯಲ್ಲಿದೆ.

## ಕೊಳ್ಳುವ ಮುನ್ನ ನೋಡಬೇಕಾದ್ದು

ಅಳತೆ ಮೊದಲು. ಸಾಮಾನ್ಯ ರ್ಯಾಕ್ 19 ಇಂಚಿನದು, ಅಂದರೆ ಕಿವಿಯಿಂದ (ಡಬ್ಬವನ್ನು ರ್ಯಾಕ್‌ಗೆ ಬಿಗಿಯುವ ಪಕ್ಕದ ಪಟ್ಟಿ) ಕಿವಿಗೆ 482.6 ಮಿ.ಮೀ. ಎತ್ತರದ ಲೆಕ್ಕ ‘ಯು’ನಲ್ಲಿ, 1 ಯು ಎಂದರೆ 44.45 ಮಿ.ಮೀ. ಯುರೋಪಿನ ಟೆಲಿಕಾಂ ರ್ಯಾಕ್ ಬೇರೆ: ಅಗಲ 535 ಮಿ.ಮೀ., ಆಳ ಬರೀ 300 ಮಿ.ಮೀ. ಎಕ್ಸ್‌ಚೇಂಜ್‌ನಿಂದ ಬಂದ ಹಳೆಯ ರ್ಯಾಕ್ ನಿಮ್ಮಲ್ಲಿದ್ದರೆ ಟೇಪ್ ಹಿಡಿದು ಅಳೆಯಿರಿ, ಆಮೇಲೆ ಕಿವಿ ಯಾವುದು ಬೇಕೆಂದು ಹೇಳಿ. ಡಿಸ್‌ಲ್ಯಾಮ್‌ನ ಆಳ ಕಡಿಮೆಯೇ ಇರುತ್ತದೆ, ಆದರೆ 50 ಪಿನ್‌ನ ಕನೆಕ್ಟರ್ ಮತ್ತು ದಪ್ಪ ಕೇಬಲ್ ಬಾಗಲು ಮುಂದುಗಡೆ 8ರಿಂದ 10 ಸೆಂ.ಮೀ. ಜಾಗ ಬೇಕು. ಗಾಜಿನ ಬಾಗಿಲಿನ ರ್ಯಾಕ್‌ನಲ್ಲಿ ಇದನ್ನು ಮರೆತವರು ಕೊನೆಗೆ ಬಾಗಿಲನ್ನೇ ಕಳಚಿಡುತ್ತಾರೆ.

ಎರಡನೆಯದು ಬಿಸಿ. ಕಚೇರಿಗೆಂದು ಮಾಡಿದ ಡಬ್ಬ ಸಾಮಾನ್ಯವಾಗಿ 0ಯಿಂದ 50 ಡಿಗ್ರಿ ಸೆಲ್ಸಿಯಸ್‌ವರೆಗೆ, ಹೊರಾಂಗಣದ ಕ್ಯಾಬಿನೆಟ್‌ಗೆ ಮಾಡಿದ್ದು 65 ಡಿಗ್ರಿವರೆಗೆ ತಡೆಯುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಹೊರಗೇ 42 ಇದ್ದಾಗ ಮುಚ್ಚಿದ ತಗಡಿನ ಪೆಟ್ಟಿಗೆಯೊಳಗೆ 55 ದಾಟಲು ಹೊತ್ತು ಬೇಡ. ಸರ್ಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ 128 ಪೋರ್ಟ್‌ನ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಮೊದಲು ಚಾಲೂ ಆದಾಗ ಅದರ ಹೆಚ್ಚುಗಾರಿಕೆಯೇ ಹವಾನಿಯಂತ್ರಣ ಬೇಡ ಎನ್ನುವುದಾಗಿತ್ತು. ಅಂಥ ಹವಾನಿಯಂತ್ರಣವಿಲ್ಲದ ಕೋಣೆಗೆ 50 ಡಿಗ್ರಿಯ ಕಚೇರಿ ಡಬ್ಬ ತಂದಿಟ್ಟರೆ ಬೇಸಿಗೆಯ ಮಧ್ಯಾಹ್ನ ಅದು ತಾನಾಗಿ ರೀಬೂಟ್ ಆಗುತ್ತದೆ. ಕರಾವಳಿಯಲ್ಲಿ ಬಿಸಿಗಿಂತ ಉಪ್ಪುಗಾಳಿಯ ಕಾಟ ಜಾಸ್ತಿ, ಕನೆಕ್ಟರ್ ಪಿನ್‌ಗಳು ಹಸಿರುಗಟ್ಟುತ್ತವೆ.

ಮೂರನೆಯದು ಅನೆಕ್ಸ್, ಅಂದರೆ ಯಾವ ಆವರ್ತನ ಯಾವುದಕ್ಕೆ ಎಂದು ಹೇಳುವ ಮಾನದಂಡದ ಉಪಬಗೆ. ಬಳಸಿದ ಮಾಲು ಅಗ್ಗಕ್ಕೆ ಸಿಗುತ್ತದೆಂದು ಜರ್ಮನಿಯ ಕಡೆಯಿಂದ ಬಂದ ಡಬ್ಬ ಕೊಂಡರೆ ಅದು ಎಡಿಎಸ್‌ಎಲ್ ಅನೆಕ್ಸ್ ಬಿ ಆಗಿರಬಹುದು. ಅಲ್ಲಿನ ಐಎಸ್‌ಡಿಎನ್ (ಡಿಜಿಟಲ್) ಫೋನ್‌ಗೆ ಕೆಳಗಿನ ಆವರ್ತನ ಬಿಟ್ಟುಕೊಡಬೇಕಾದ್ದರಿಂದ ಅದರ ಅಪ್‌ಸ್ಟ್ರೀಮ್ (ಮನೆಯಿಂದ ಡಿಸ್‌ಲ್ಯಾಮ್ ಕಡೆ ಬರುವ ಸಿಗ್ನಲ್) 138 ಕಿಲೋಹರ್ಟ್ಸ್‌ನಿಂದ ಮೇಲೆ ಶುರು. ನಮ್ಮಲ್ಲಿ ಸಾಮಾನ್ಯ ಫೋನ್ ಲೈನ್‌ಗೆ ಬಳಸುವ ಅನೆಕ್ಸ್ ಎ ಮೋಡೆಮ್‌ನ ಅಪ್‌ಸ್ಟ್ರೀಮ್ ಸುಮಾರು 26ರಿಂದ 138 ಕಿಲೋಹರ್ಟ್ಸ್. ಇವೆರಡೂ ಕೈಕುಲುಕುವುದಿಲ್ಲ. ಸ್ಪ್ಲಿಟರ್ ಒಳಗೇ ಇದ್ದರೆ ಸಾಫ್ಟ್‌ವೇರ್ ಬದಲಿಸಿಯೂ ಪ್ರಯೋಜನವಿಲ್ಲ, ಫಿಲ್ಟರ್‌ನ ಸುರುಳಿಗಳೇ ಬೇರೆ. ಇನ್ನೊಂದು ಗೊಂದಲ: ಈ ಎ, ಬಿ ಅಕ್ಷರಗಳಿಗೆ ಎಡಿಎಸ್‌ಎಲ್‌ನಲ್ಲಿ ಒಂದು ಅರ್ಥ, ವಿಡಿಎಸ್‌ಎಲ್2ನಲ್ಲಿ ಇನ್ನೊಂದು. ವಿಡಿಎಸ್‌ಎಲ್2ನ ಬಿ ಎಂದರೆ ಯುರೋಪಿನ ಆವರ್ತನ ಹಂಚಿಕೆ, ಐಎಸ್‌ಡಿಎನ್‌ಗೂ ಅದಕ್ಕೂ ಸಂಬಂಧವಿಲ್ಲ.

ವಿಡಿಎಸ್‌ಎಲ್2ನ ಪ್ರೊಫೈಲ್ ಯಾವುದೆಂದೂ ಕೇಳಿ. 17ಎ ಎಂದರೆ 17.664 ಮೆಗಾಹರ್ಟ್ಸ್‌ವರೆಗೆ, 4.3125 ಕಿಲೋಹರ್ಟ್ಸ್ ಅಂತರದ 4096 ಟೋನ್‌ಗಳು (ಡೇಟಾ ಹೊರುವ ಸಣ್ಣ ಆವರ್ತನ ಪಟ್ಟಿಗಳು). ಎಡಿಎಸ್‌ಎಲ್2+ ನಿಲ್ಲುವುದು 2.208 ಮೆಗಾಹರ್ಟ್ಸ್‌ಗೆ, 512 ಟೋನ್‌ಗೆ. 30ಎ ಕಾಗದದ ಮೇಲೆ ಚೆಂದ, ಆದರೆ 30 ಮೆಗಾಹರ್ಟ್ಸ್ ಸಿಗ್ನಲ್ ಕಟ್ಟಡದೊಳಗಿನ ನೂರಿನ್ನೂರು ಮೀಟರ್ ಆಚೆ ಉಳಿಯುವುದಿಲ್ಲ. ಬಹುಪಾಲು ಆವರಣಗಳಿಗೆ 17ಎ ಸಾಕು.

## ಮುಖಫಲಕವನ್ನು ಓದುವುದು

ಕಂಪನಿ ಯಾವುದಾದರೂ ಫಲಕದ ಮೇಲೆ ಇರುವುದು ಇಷ್ಟೇ. ಒಂದು ತುದಿಗೆ ಪವರ್ ಟರ್ಮಿನಲ್: ಡಿಸಿ ಮಾದರಿಯಾದರೆ −48 ವೋಲ್ಟ್‌ನ ಎ ಮತ್ತು ಬಿ ಎಂಬ ಎರಡು ಫೀಡ್, ಏಸಿ ಮಾದರಿಯಾದರೆ 230 ವೋಲ್ಟ್‌ನ ಮಾಮೂಲಿ ಸಾಕೆಟ್. ಪಕ್ಕದಲ್ಲಿ ಅರ್ಥಿಂಗ್ ಸ್ಕ್ರೂ. ಆಮೇಲೆ ಕನ್ಸೋಲ್ ಪೋರ್ಟ್, ನಿರ್ವಹಣೆಗೆ ಬೇರೆಯದೇ ಒಂದು ಈಥರ್ನೆಟ್ ಪೋರ್ಟ್, ಎರಡು ಅಥವಾ ನಾಲ್ಕು ಗಿಗಾಬಿಟ್ ಅಪ್‌ಲಿಂಕ್, ಅಲಾರ್ಮ್ ಸಂಪರ್ಕದ ಚಿಕ್ಕ ಕನೆಕ್ಟರ್, ದೀಪಗಳ ಸಾಲು. ಉಳಿದ ಜಾಗವನ್ನೆಲ್ಲ ನಾಲ್ಕು ಉದ್ದನೆಯ 50 ಪಿನ್‌ನ ಕನೆಕ್ಟರ್‌ಗಳು ತಿಂದಿರುತ್ತವೆ: ಎರಡು ಗ್ರಾಹಕರ ಕಡೆಗೆ, ಎರಡು ಟೆಲಿಫೋನ್ ಎಕ್ಸ್‌ಚೇಂಜ್ ಕಡೆಗೆ.

ಅಲಾರ್ಮ್ ಕನೆಕ್ಟರ್ ಅನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ. ಅದು ವೋಲ್ಟೇಜ್ ಇಲ್ಲದ ಒಣ ಸಂಪರ್ಕ; ಎರಡು ತಂತಿ ಮುಟ್ಟಿದರೆ ಅಲಾರ್ಮ್, ಬಿಟ್ಟರೆ ಇಲ್ಲ. ಕ್ಯಾಬಿನೆಟ್ ಬಾಗಿಲಿನ ಸ್ವಿಚ್ ಒಂದು, ಚಾರ್ಜರ್‌ನ ‘ಮೇನ್ಸ್ ಫೇಲ್’ ರಿಲೇ ಇನ್ನೊಂದು, ಇವೆರಡನ್ನು ಕಟ್ಟಿಟ್ಟರೆ ಸಾಕು. ಬ್ಯಾಟರಿ ಪೂರ್ತಿ ಖಾಲಿಯಾಗುವ ಮೊದಲೇ ಸುದ್ದಿ ತಲುಪುತ್ತದೆ.

## ರ್ಯಾಕ್‌ಗೆ ಏರಿಸುವುದು

1. ಡಬ್ಬದ ಗಾಳಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಮೊದಲು ನೋಡಿ. ಅನೇಕ 1 ಯು ಡಿಸ್‌ಲ್ಯಾಮ್‌ಗಳಲ್ಲಿ ಅದು ಎಡದಿಂದ ಬಲಕ್ಕೆ ಅಥವಾ ಬಲದಿಂದ ಎಡಕ್ಕೆ. ಆಗ ಮೇಲೆ ಕೆಳಗೆ 1 ಯು ಬಿಟ್ಟು ಉಪಯೋಗವಿಲ್ಲ, ಪಕ್ಕದ ತಗಡಿಗೂ ಡಬ್ಬಕ್ಕೂ ನಡುವೆ ಕನಿಷ್ಠ 5 ಸೆಂ.ಮೀ. ಬೇಕು. ಅಲ್ಲೇ ಕೇಬಲ್ ಕಟ್ಟು ಇಳಿಬಿಟ್ಟರೆ ಫ್ಯಾನ್ ಕೇಬಲ್‌ಗೆ ಗಾಳಿ ಹೊಡೆಯುತ್ತ ಕೂರುತ್ತದೆ.
2. ಕೇಜ್ ನಟ್‌ಗಳನ್ನು ನಾಲ್ಕೂ ಮೂಲೆಗೆ ಕೂರಿಸಿ. 1 ಯುನಲ್ಲಿ ಮೂರು ರಂಧ್ರ ಇರುತ್ತವೆ, ಎಣಿಸುವಾಗ ತಪ್ಪಿದರೆ ಡಬ್ಬ ಓರೆಯಾಗುತ್ತದೆ. ಎಂ6 ಸ್ಕ್ರೂ ಸಾಮಾನ್ಯ.
3. ಒಬ್ಬರು ಡಬ್ಬ ಹಿಡಿಯಿರಿ, ಇನ್ನೊಬ್ಬರು ಕೆಳಗಿನ ಎರಡು ಸ್ಕ್ರೂ ಮೊದಲು ಹಾಕಿ, ಮೇಲಿನವು ಆಮೇಲೆ. ನಾಲ್ಕೂ ಹಿಡಿದ ಮೇಲೆಯೇ ಬಿಗಿ ಮಾಡಿ.
4. ಕೆಳಗಡೆಯೇ ಒಂದು ಕೇಬಲ್ ಪಟ್ಟಿ ಹಾಕಿ. ಜೆಲ್ಲಿ ಇಲ್ಲದ 25 ಪೇರ್‌ನ (ಜೋಡಿ ತಂತಿಯ) ಒಳಾಂಗಣ ಕೇಬಲ್ ಕೂಡ ಬೆರಳು ದಪ್ಪ ಇರುತ್ತದೆ. ನಾಲ್ಕು ಕೇಬಲ್‌ಗಳ ಭಾರ ಕನೆಕ್ಟರ್‌ನ ಮೇಲೆ ಜೋತರೆ ಆರು ತಿಂಗಳಲ್ಲಿ ಕೆಳಗಿನ ಸಾಲಿನ ಪಿನ್‌ಗಳು ಸಂಪರ್ಕ ಬಿಡುತ್ತವೆ.

## ಅರ್ಥಿಂಗ್ ಮೊದಲು, ಪವರ್ ಆಮೇಲೆ

ಎಲ್ಲಕ್ಕಿಂತ ಮೊದಲು ಕಟ್ಟಬೇಕಾದ ತಂತಿ, ಎಲ್ಲಕ್ಕಿಂತ ಕೊನೆಗೆ ಬಿಚ್ಚಬೇಕಾದ ತಂತಿ ಅರ್ಥಿಂಗ್‌ನದು. ಹಸಿರು-ಹಳದಿ, ಕನಿಷ್ಠ 6 ಚದರ ಮಿ.ಮೀ. ತಾಮ್ರ, ಕ್ರಿಂಪ್ ಮಾಡಿದ ಉಂಗುರದ ಲಗ್. ರ್ಯಾಕ್‌ನ ಬಣ್ಣದ ಮೇಲೆ ಲಗ್ ಕೂರಿಸಿದರೆ ಅದು ಅರ್ಥಿಂಗ್ ಆಗಲಿಲ್ಲ. ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ, ಕೋಣೆಯ ಅರ್ಥಿಂಗ್ ಬಾರ್‌ವರೆಗೆ ನೇರವಾಗಿ ಒಯ್ಯಿರಿ, ಸುರುಳಿ ಸುತ್ತಬೇಡಿ. ಸಿಡಿಲಿನ ಪ್ರವಾಹಕ್ಕೆ ಸುರುಳಿ ಎಂದರೆ ತಡೆಗೋಡೆ, ಅದು ಬೇರೆ ದಾರಿ ಹುಡುಕುತ್ತದೆ, ಆ ದಾರಿ ಪೋರ್ಟ್ ಮೂಲಕವೇ ಇರುತ್ತದೆ. ಎಂಡಿಎಫ್‌ನ (ಹೊರಗಿನ ಕೇಬಲ್‌ಗಳೆಲ್ಲ ಬಂದು ಸೇರುವ ಚೌಕಟ್ಟು) ಅರ್ಥಿಂಗ್ ಮತ್ತು ಡಿಸ್‌ಲ್ಯಾಮ್‌ನ ಅರ್ಥಿಂಗ್ ಒಂದೇ ಬಾರ್‌ಗೆ ಸೇರಬೇಕು. ಎರಡಕ್ಕೂ ಬೇರೆ ಬೇರೆ ಗುಂಡಿ ತೋಡಿಸಿ ಹೆಮ್ಮೆಪಡುವವರಿದ್ದಾರೆ. ಹತ್ತಿರದಲ್ಲಿ ಸಿಡಿಲು ಬಿದ್ದಾಗ ಆ ಎರಡು ಗುಂಡಿಗಳ ನಡುವೆ ಏಳುವ ಸಾವಿರಾರು ವೋಲ್ಟ್ ಪೂರ್ತಿ ನಡುವಿನ ಕೇಬಲ್‌ನ ಮೇಲೆ ಬೀಳುತ್ತದೆ. ಮಲೆನಾಡಿನ ಮುಂಗಾರು ಪೂರ್ವದ ಗುಡುಗು ಮಳೆಗೆ ಸಾಲುಸಾಲು ಪೋರ್ಟ್ ಸಾಯುವ ಕಡೆ ಮೊದಲು ನೋಡಬೇಕಾದ್ದು ಇದನ್ನೇ.

ಈಗ ಪವರ್. ಟೆಲಿಕಾಂನಲ್ಲಿ ಪ್ಲಸ್ ಅನ್ನು ಭೂಮಿಗೆ ಕಟ್ಟುತ್ತಾರೆ, ಬಿಸಿ ತಂತಿ (ವೋಲ್ಟೇಜ್ ಇರುವುದು) ಮೈನಸ್ 48. ನೆಲದಡಿಯ ಕೇಬಲ್‌ಗೆ ತೇವ ಹೊಕ್ಕಾಗ ಪ್ಲಸ್ ಇರುವ ತಾಮ್ರ ಕರಗಿ ಹೋಗುತ್ತದೆ, ಮೈನಸ್ ಇರುವುದು ಉಳಿಯುತ್ತದೆ. ಹಳೆಯ ಕಾಲದಿಂದಲೂ ಅದೇ ಕಾರಣ. 24 ಸೆಲ್‌ನ ಬ್ಯಾಟರಿ ಸೆಟ್‌ಗೆ ಸೆಲ್‌ಗೆ 2.25 ವೋಲ್ಟ್‌ನಂತೆ ಫ್ಲೋಟ್ ಚಾರ್ಜ್ (ತುಂಬಿದ ಬ್ಯಾಟರಿಯನ್ನು ಹಾಗೇ ಇಡುವ ಚಾರ್ಜ್) ಇಟ್ಟರೆ 54 ವೋಲ್ಟ್ ಆಗುತ್ತದೆ. ಆದ್ದರಿಂದ ಮೀಟರ್‌ನಲ್ಲಿ 48 ಕಾಣದೆ 54 ಕಂಡರೆ ಗಾಬರಿ ಬೇಡ, ಕರೆಂಟ್ ಇರುವಾಗ 48 ಕಂಡರೆ ಅದೇ ಚಿಂತೆಯ ಮಾತು, ಚಾರ್ಜರ್ ಕೆಲಸ ಮಾಡುತ್ತಿಲ್ಲ.

ಮೀಟರ್‌ನ ಕಪ್ಪು ಕಡ್ಡಿ ಅರ್ಥಿಂಗ್ ಬಾರ್‌ಗೆ, ಕೆಂಪು ಕಡ್ಡಿ ಫೀಡ್‌ನ ಬಿಸಿ ತಂತಿಗೆ: −54ರ ಆಸುಪಾಸು ಬರಬೇಕು. ರಿಟರ್ನ್ ತಂತಿಗೆ ಇಟ್ಟರೆ ಸೊನ್ನೆಯ ಹತ್ತಿರ. ತಂತಿಯ ಬಣ್ಣ ನೋಡಿ ನಿರ್ಧರಿಸಬೇಡಿ, ಒಂದೊಂದು ಕಟ್ಟಡದಲ್ಲಿ ಒಂದೊಂದು ಪದ್ಧತಿ. ಉಲ್ಟಾ ಕಟ್ಟಿದರೆ ಒಳ್ಳೆಯ ಡಬ್ಬ ಸುಮ್ಮನೆ ಆನ್ ಆಗದೆ ಕೂರುತ್ತದೆ, ಅಗ್ಗದ್ದು ಫ್ಯೂಸ್ ಹಾರಿಸಿಕೊಳ್ಳುತ್ತದೆ.

ಬೇಕಾದ ಕರೆಂಟ್‌ನ ಲೆಕ್ಕ ಹೀಗೆ. 48 ಪೋರ್ಟ್ ಡಬ್ಬ 100 ವ್ಯಾಟ್ ತಿನ್ನುತ್ತದೆ ಅಂದುಕೊಳ್ಳಿ. ಬ್ಯಾಟರಿ ಇಳಿದು 44 ವೋಲ್ಟ್‌ಗೆ ಬಂದಾಗ ಅದು 2.3 ಆಂಪಿಯರ್ ಎಳೆಯುತ್ತದೆ. ವೋಲ್ಟೇಜ್ ಇಳಿದಷ್ಟೂ ಕರೆಂಟ್ ಏರುತ್ತದೆ, ಅದನ್ನು ಮರೆಯಬಾರದು. 2.5 ಚದರ ಮಿ.ಮೀ. ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 7.4 ಓಮ್. 10 ಮೀಟರ್ ದೂರಕ್ಕೆ ಹೋಗಿ ಬರುವ 20 ಮೀಟರ್ ಸೇರಿ 0.15 ಓಮ್, ನಷ್ಟ ಮೂರನೇ ಒಂದು ವೋಲ್ಟ್. ಇದು ಸರಿ. ಇದೇ ದೂರಕ್ಕೆ 0.75ರ ತೆಳು ತಂತಿ ಎಳೆದು, ಲಗ್ ಅನ್ನು ಇಕ್ಕಳದಲ್ಲಿ ಒತ್ತಿ ಬಿಟ್ಟರೆ ಒಂದೆರಡು ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಹಗಲೆಲ್ಲ ಚೆನ್ನಾಗಿದ್ದು, ಕರೆಂಟ್ ಹೋಗಿ ಬ್ಯಾಟರಿ ಅರ್ಧ ಇಳಿದ ಮೇಲೆ ಡಬ್ಬ ಪದೇ ಪದೇ ರೀಬೂಟ್ ಆಗುತ್ತಿದ್ದರೆ ಕಾರಣ ಇಲ್ಲಿದೆ.

ಬ್ರೇಕರ್ 6 ಆಂಪಿಯರ್‌ನದು ಸಾಕು, ಆದರೆ ಡಿಸಿಗೆಂದೇ ಮಾಡಿದ್ದಾಗಿರಲಿ. ಏಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುವುದರಿಂದ ಬ್ರೇಕರ್ ಬಿಟ್ಟಾಗ ಕಿಡಿ ತಾನೇ ಆರುತ್ತದೆ. ಡಿಸಿಯಲ್ಲಿ ಸೊನ್ನೆಯೇ ಬರುವುದಿಲ್ಲ, ಕಿಡಿ ಉರಿಯುತ್ತಲೇ ಇರುತ್ತದೆ.

ಎ ಮತ್ತು ಬಿ ಫೀಡ್‌ಗಳು ಡಬ್ಬದೊಳಗೆ ಡಯೋಡ್ ದಾಟಿ ಒಂದಾಗುತ್ತವೆ, ಒಂದು ಹೋದರೆ ಇನ್ನೊಂದು ಹೊರುತ್ತದೆ. ಎರಡನ್ನೂ ಒಂದೇ ಬ್ರೇಕರ್‌ಗೆ ಕಟ್ಟಿರುವುದು ಎಷ್ಟೋ ಕಡೆ ಕಾಣುತ್ತದೆ. ಆ ಎರಡನೇ ಫೀಡ್ ಹೆಸರಿಗಷ್ಟೇ. ಕೆಲಸ ಮುಗಿಸಿ ಹೊರಡುವ ಮುನ್ನ ಎ ಆಫ್ ಮಾಡಿ ನೋಡಿ, ಮತ್ತೆ ಹಾಕಿ ಬಿ ಆಫ್ ಮಾಡಿ ನೋಡಿ.

## 50 ಪಿನ್‌ನ ಕನೆಕ್ಟರ್, ಹತ್ತಿರದಿಂದ

ಇದಕ್ಕೆ ಟೆಲ್ಕೊ-50, ಆರ್‌ಜೆ-21, ಆಂಫೆನಾಲ್ ಎಂದು ಮೂರು ಹೆಸರು, ವಸ್ತು ಒಂದೇ. 25 ಜೋಡಿ ತಂತಿ, 50 ಪಿನ್, 25ರ ಎರಡು ಸಾಲು. ಜೋಡಿ 1 ಎಂದರೆ ಪಿನ್ 1 ಮತ್ತು 26, ಜೋಡಿ 2 ಎಂದರೆ 2 ಮತ್ತು 27, ಹೀಗೆ ಜೋಡಿ 25ಕ್ಕೆ 25 ಮತ್ತು 50. ಪಕ್ಕಪಕ್ಕದ ಪಿನ್ 1 ಮತ್ತು 2 ಜೋಡಿಯಲ್ಲ, ಎದುರುಬದುರಿನವು ಜೋಡಿ. 24 ಪೋರ್ಟ್ ಬಳಸುವುದರಿಂದ 25ನೆಯದು ಖಾಲಿ.

ಬಣ್ಣದ ಕ್ರಮ ಬಾಯಿಪಾಠ ಇರಲಿ. ಗುಂಪಿನ ಬಣ್ಣ: ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ. ಜೊತೆಗಾರನ ಬಣ್ಣ: ನೀಲಿ, ಕಿತ್ತಳೆ, ಹಸಿರು, ಕಂದು, ಬೂದು. ಮೊದಲ ಐದು ಜೋಡಿಗೆ ಬಿಳಿ ಜೊತೆ, ಮುಂದಿನ ಐದಕ್ಕೆ ಕೆಂಪು. 13ನೇ ಪೋರ್ಟ್ ಬೇಕೆಂದರೆ ಮೂರನೇ ಗುಂಪಿನ ಮೂರನೆಯದು, ಕಪ್ಪು-ಹಸಿರು, ಪಿನ್ 13 ಮತ್ತು 38. 24ನೆಯದು ನೇರಳೆ-ಕಂದು. ನಮ್ಮ ನೆಲದಡಿಯ ಜೆಲ್ಲಿ ಕೇಬಲ್‌ನಲ್ಲೂ ಇದೇ ಕ್ರಮ ಇರುವುದರಿಂದ ಲೈನ್ ಕೆಲಸ ಗೊತ್ತಿದ್ದವರಿಗೆ ಹೊಸದೇನೂ ಅಲ್ಲ.

ಜೋಡಿಗಳನ್ನು ಬಿಡಿಸುವಾಗ ತಿರುವು ಬಿಚ್ಚಿ ನೆಟ್ಟಗೆ ಮಾಡುವ ಚಟ ಬೇಡ. ಮಾತಿಗೆ 3400 ಹರ್ಟ್ಸ್ ಸಾಕಿತ್ತು, 10 ಸೆಂ.ಮೀ. ತಿರುವು ಬಿಚ್ಚಿದರೂ ನಡೆಯುತ್ತಿತ್ತು. 17 ಮೆಗಾಹರ್ಟ್ಸ್‌ನಲ್ಲಿ ಪಕ್ಕದ ಜೋಡಿಯ ಸಿಗ್ನಲ್ ಅಲ್ಲೇ ನುಸುಳುತ್ತದೆ. ತುದಿಯಲ್ಲಿ ಒಂದು ಸೆಂ.ಮೀ. ಆಸುಪಾಸಿನಷ್ಟೇ ಬಿಚ್ಚಿ. ಅದಕ್ಕಿಂತ ಕೆಟ್ಟದ್ದು ಜೋಡಿ ಒಡೆಯುವುದು: ಒಂದು ಜೋಡಿಯ ಒಂದು ತಂತಿ, ಇನ್ನೊಂದು ಜೋಡಿಯ ಒಂದು ತಂತಿ ಸೇರಿ ಒಂದು ಪೋರ್ಟ್ ಆಗಿಬಿಟ್ಟರೆ ಮೀಟರ್‌ನಲ್ಲಿ ಎಲ್ಲ ಸರಿ ಕಾಣುತ್ತದೆ, ಫೋನ್ ಕೂಡ ಮಾತಾಡುತ್ತದೆ, ಇಂಟರ್ನೆಟ್ ಮಾತ್ರ ಎರಡೂ ಮನೆಯಲ್ಲಿ ಒದ್ದಾಡುತ್ತದೆ.

ಕೇಬಲ್ ತರಿಸುವಾಗ ಗಂಡೋ ಹೆಣ್ಣೋ, ಕೇಬಲ್ ಎಡಕ್ಕೆ ಹೊರಡಬೇಕೋ ಬಲಕ್ಕೋ ನೇರಕ್ಕೋ, ಬಿಗಿಯಲು ಸ್ಕ್ರೂವೋ ಪಟ್ಟಿಯೋ, ಮೂರನ್ನೂ ಬರೆದು ಕೊಡಿ. ಒಂದರ ಮೇಲೊಂದು ಇರುವ ಕನೆಕ್ಟರ್‌ಗಳಿಗೆ ಕೇಬಲ್ ತಪ್ಪು ಕಡೆ ಹೊರಟರೆ ಕೆಳಗಿನದು ಕೂರುವುದೇ ಇಲ್ಲ. ಸಿಕ್ಕಿಸಿದ ಮೇಲೆ ಎರಡೂ ತುದಿ ಸಮನಾಗಿ ಒಳಗೆ ಹೋಗಿದೆಯೇ ಎಂದು ಪಕ್ಕದಿಂದ ನೋಡಿ. ಒಂದು ತುದಿ ಎರಡು ಮಿ.ಮೀ. ಎದ್ದಿದ್ದರೂ 20ರಿಂದ 24ರವರೆಗಿನ ಪೋರ್ಟ್ ಬಂದು ಹೋಗುತ್ತಿರುತ್ತವೆ.

## ಸ್ಪ್ಲಿಟರ್ ಮಾಡುವ ಕೆಲಸ, ಮಾಡಿಸುವ ಮೋಸ

ಒಳಗಿನ ಸ್ಪ್ಲಿಟರ್ ಎಂದರೆ ಸುರುಳಿ ಮತ್ತು ಕೆಪಾಸಿಟರ್‌ಗಳ ಫಿಲ್ಟರ್. ಮಾತಿನ ಆವರ್ತನವನ್ನು ಎಕ್ಸ್‌ಚೇಂಜ್ ಕಡೆಗೆ ಬಿಟ್ಟು, ಮೇಲಿನದನ್ನು ಡಿಎಸ್‌ಎಲ್ ಚಿಪ್‌ಗೆ ಕೊಡುತ್ತದೆ. ಅದಕ್ಕೆ ಕರೆಂಟ್ ಬೇಡ. ಡಿಸ್‌ಲ್ಯಾಮ್ ಆಫ್ ಆದರೂ ಫೋನ್ ನಡೆಯುತ್ತಿರಬೇಕು. ಕಟ್ಟಿದ ಮೇಲೆ ಇದನ್ನು ಒಮ್ಮೆ ಪರೀಕ್ಷಿಸಿ ನೋಡಿ.

ಲೈನ್ ಕನೆಕ್ಟರ್ ಮತ್ತು ಫೋನ್ ಕನೆಕ್ಟರ್ ಆಕಾರದಲ್ಲಿ ಒಂದೇ. ಅದಲು ಬದಲಾದರೆ ಡಯಲ್ ಟೋನ್ ಮಾಮೂಲಿಯಂತೆ ಬರುತ್ತದೆ, ಏಕೆಂದರೆ ಮಾತು ಫಿಲ್ಟರ್ ಅನ್ನು ಎರಡೂ ದಿಕ್ಕಿಗೆ ದಾಟಬಲ್ಲದು. ಆದರೆ ಡಿಎಸ್‌ಎಲ್ ಸಿಗ್ನಲ್ ಗ್ರಾಹಕರ ಬದಲು ಎಕ್ಸ್‌ಚೇಂಜ್ ಕಡೆ ಮುಖ ಮಾಡಿ ನಿಂತಿರುತ್ತದೆ. 24 ಪೋರ್ಟ್‌ನಲ್ಲಿ ಒಂದೂ ಸಿಂಕ್ ಆಗದೆ (ಮೋಡೆಮ್ ಜೊತೆ ಸಂಪರ್ಕ ಕೂಡದೆ), 24 ಫೋನ್‌ಗಳೂ ಚೆನ್ನಾಗಿದ್ದರೆ ಸಾಫ್ಟ್‌ವೇರ್ ಹತ್ತಿರ ಹೋಗದೆ ಈ ಎರಡು ಕೇಬಲ್ ಅದಲಿಸಿ ನೋಡಿ.

ಫೋನ್ ಬೇಡವೇ ಬೇಡ, ಬರೀ ಇಂಟರ್ನೆಟ್ ಸಾಕು ಎಂದಾದರೆ ಫೋನ್ ಕನೆಕ್ಟರ್ ಖಾಲಿ ಬಿಡಬಹುದು. ಫೋನ್ ಇದ್ದರೆ ನೆನಪಿಡಿ: ಆ ಕನೆಕ್ಟರ್‌ನಲ್ಲಿ ಯಾವಾಗಲೂ 48 ವೋಲ್ಟ್ ಡಿಸಿ, ಗಂಟೆ ಹೊಡೆಯುವಾಗ ಸುಮಾರು 75 ವೋಲ್ಟ್ ಏಸಿ ಇರುತ್ತದೆ. ಬೆವರಿದ ಕೈಗೆ ಅದು ಚೆನ್ನಾಗಿಯೇ ಹೊಡೆಯುತ್ತದೆ.

## ಎಂಡಿಎಫ್‌ನಲ್ಲಿ

ಡಿಸ್‌ಲ್ಯಾಮ್‌ನ ಲೈನ್ ಕೇಬಲ್ ಎಂಡಿಎಫ್‌ನ ಕ್ರೋನ್ ಮಾಡ್ಯೂಲ್‌ಗೆ (ತಂತಿಗಳನ್ನು ಒತ್ತಿ ಕೂರಿಸುವ ಪಟ್ಟಿ) ಬರುತ್ತದೆ, ಅಲ್ಲಿಂದ ಜಂಪರ್ (ಜೋಡಿಸುವ ಚಿಕ್ಕ ತಂತಿ) ಹಾಕಿ ಹೊರಗಿನ ಪೇರ್‌ಗೆ. ಫೋನ್ ಕೇಬಲ್ ಇನ್ನೊಂದು ಸಾಲಿಗೆ, ಅಲ್ಲಿಂದ ಎಕ್ಸ್‌ಚೇಂಜ್‌ಗೆ. ಮಾಡ್ಯೂಲ್ 10 ಪೇರ್‌ನದು, ಕನೆಕ್ಟರ್ 24ರದು, ಲೆಕ್ಕ ಸರಿಹೊಂದುವುದಿಲ್ಲ. ಮೂರು ಮಾಡ್ಯೂಲ್ ತೆಗೆದುಕೊಂಡು ಒಂದೊಂದರಲ್ಲಿ 8 ಪೇರ್ ಕಟ್ಟಿ, ಕೊನೆಯ ಎರಡು ಖಾಲಿ ಬಿಡುವುದು ನಮ್ಮ ಸಲಹೆ. ಜಾಗ ಸ್ವಲ್ಪ ದಂಡ, ಆದರೆ 17ನೇ ಪೋರ್ಟ್ ಹುಡುಕಲು ಮೂರನೇ ಮಾಡ್ಯೂಲ್‌ನ ಮೊದಲ ಪೇರ್‌ಗೆ ಕೈ ನೇರ ಹೋಗುತ್ತದೆ.

ಎಣಿಕೆಯಲ್ಲಿ ಒಂದು ಬಲೆ ಇದೆ. ಕೆಲವು ಮಾಡ್ಯೂಲ್‌ಗಳಲ್ಲಿ ಪೇರ್ ಸಂಖ್ಯೆ 1ರಿಂದ ಶುರುವಾಗಿ ಕೊನೆಯದು 0, ಕೆಲವುದರಲ್ಲಿ 0ಯಿಂದ 9. ಡಿಸ್‌ಲ್ಯಾಮ್‌ಗಳಲ್ಲೂ ಹುವಾವೆ ಮಾದರಿಗಳು ಪೋರ್ಟ್ ಅನ್ನು 0ಯಿಂದ ಎಣಿಸುತ್ತವೆ, ಇನ್ನು ಕೆಲವು 1ರಿಂದ. ಎರಡು ಕಡೆ ಎರಡು ಬಗೆ ಇದ್ದರೆ ಇಡೀ ಕಟ್ಟಡ ಒಂದೊಂದು ಮನೆ ಪಕ್ಕಕ್ಕೆ ಸರಿದುಬಿಡುತ್ತದೆ. ನೀವು ಬಂದ್ ಮಾಡಿದ ಪೋರ್ಟ್ ಪಕ್ಕದ ಕೋಣೆಯವರದು.

ತಂತಿ ಕೂರಿಸಲು ಕ್ರೋನ್‌ನ ಪಂಚ್ ಟೂಲನ್ನೇ ಬಳಸಿ. ಸ್ಕ್ರೂಡ್ರೈವರ್‌ನಿಂದ ಒತ್ತಿದರೆ ಬೆಳ್ಳಿ ಲೇಪದ ದವಡೆ ಅಗಲವಾಗಿ ಮತ್ತೆಂದೂ ಹಿಡಿಯುವುದಿಲ್ಲ.

ಸಿಡಿಲು ತಡೆಗೆ ಲೈನ್ ಕಡೆಯ ಮಾಡ್ಯೂಲ್‌ಗೆ ಅರೆಸ್ಟರ್ ಬೇಕೇ ಬೇಕು. ಗ್ಯಾಸ್ ಡಿಸ್‌ಚಾರ್ಜ್ ಟ್ಯೂಬ್‌ನದು, 230 ವೋಲ್ಟ್‌ನದು ಒಳ್ಳೆಯದು. ಅದರ ಕೆಪಾಸಿಟೆನ್ಸ್ ಒಂದೆರಡು ಪಿಕೋಫ್ಯಾರಡ್ ಅಷ್ಟೇ. ಫೋನ್ ಕಾಲದ ವೇರಿಸ್ಟರ್ ಮಾದರಿಗಳ ಕೆಪಾಸಿಟೆನ್ಸ್ ಇದರ ಎಷ್ಟೋ ಪಟ್ಟು. ಮಾತಿಗೆ ಅದು ಗೊತ್ತಾಗುತ್ತಿರಲಿಲ್ಲ, ವಿಡಿಎಸ್‌ಎಲ್‌ನ ಮೇಲಿನ ಟೋನ್‌ಗಳನ್ನು ಮಾತ್ರ ಅದು ನುಂಗಿ ಹಾಕುತ್ತದೆ. ಒಂದೇ ದೂರದ ಎರಡು ಮನೆಗಳಲ್ಲಿ ಒಂದಕ್ಕೆ 60, ಇನ್ನೊಂದಕ್ಕೆ 25 ಎಂಬಿಪಿಎಸ್ ಬಂದರೆ ಅರೆಸ್ಟರ್ ಕಿತ್ತು ಒಂದು ನಿಮಿಷ ನೋಡಿ, ಆಮೇಲೆ ಸರಿಯಾದದ್ದು ಹಾಕಿ. ಅರೆಸ್ಟರ್ ಇಲ್ಲದೆ ಬಿಟ್ಟು ಬರಬೇಡಿ.

## ಅಪ್‌ಲಿಂಕ್

ಲೆಕ್ಕ ಸುಲಭ: 48 ಪೋರ್ಟ್‌ಗೆ 100 ಎಂಬಿಪಿಎಸ್‌ನಂತೆ 4.8 ಗಿಗಾಬಿಟ್, ಹೊರಗೆ ಹೋಗುವ ದಾರಿ 1 ಗಿಗಾಬಿಟ್. ಎಲ್ಲರೂ ಒಟ್ಟಿಗೆ ಎಳೆಯುವುದಿಲ್ಲವಾದ್ದರಿಂದ ನಡೆಯುತ್ತದೆ. 2004ರ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ಅನ್ನೇ ಬ್ರಾಡ್‌ಬ್ಯಾಂಡ್ ಎಂದು ಕರೆದಿತ್ತು, ಆ ಕಾಲದ ಎಟಿಎಂ (ಹಳೆಯ ಡೇಟಾ ಸಾಗಣೆ ಪದ್ಧತಿ) ಡಿಸ್‌ಲ್ಯಾಮ್‌ಗೆ 2.048 ಎಂಬಿಪಿಎಸ್‌ನ ನಾಲ್ಕು ಇ1 ಲೈನ್ ಕೂಡ ದೊಡ್ಡ ಮಾತಾಗಿತ್ತು. ಹಳೆಯ ಮಾಲು ಕೊಳ್ಳುವಾಗ ಅಪ್‌ಲಿಂಕ್ ಇ1 ಅಥವಾ 155 ಎಂಬಿಪಿಎಸ್‌ನ ಎಸ್‌ಟಿಎಂ-1 ಎಂದು ಕಂಡರೆ ಬಿಟ್ಟು ಬನ್ನಿ.

ಅನೇಕ ಡಬ್ಬಗಳಲ್ಲಿ ಆರ್‌ಜೆ-45 ಮತ್ತು ಎಸ್‌ಎಫ್‌ಪಿ (ಫೈಬರ್ ಮಾಡ್ಯೂಲ್ ಸಿಕ್ಕಿಸುವ) ಕಿಂಡಿ ಒಂದೇ ಪೋರ್ಟ್‌ನ ಎರಡು ಮುಖ. ಎರಡೂ ತುಂಬಿದರೆ ಎರಡು ಲಿಂಕ್ ಸಿಗುವುದಿಲ್ಲ, ಒಂದು ಸುಮ್ಮನಿರುತ್ತದೆ. ಒಂದೇ ಎಳೆ ಫೈಬರ್‌ನ ಎಸ್‌ಎಫ್‌ಪಿ ಬಳಸಿದರೆ ಒಂದು ತುದಿಗೆ 1310 ನ್ಯಾನೋಮೀಟರ್‌ನ ಬೆಳಕು ಕಳಿಸುವುದು, ಇನ್ನೊಂದಕ್ಕೆ 1490 ಕಳಿಸುವುದು, ಹೀಗೆ ಜೋಡಿಯಾಗಿ ಕೊಳ್ಳಿ. ಎರಡೂ ಒಂದೇ ಬಗೆ ತಂದರೆ ಇಬ್ಬರೂ ಮಾತಾಡುತ್ತಾರೆ, ಕೇಳುವವರಿಲ್ಲ.

## ಮೊದಲ ಸಲ ಆನ್ ಮಾಡುವಾಗ

ಲೈನ್ ಕೇಬಲ್‌ಗಳನ್ನು ಇನ್ನೂ ಸಿಕ್ಕಿಸಬೇಡಿ. ಕನ್ಸೋಲ್ ಕೇಬಲ್ ಹಾಕಿ. ಕನ್ಸೋಲ್‌ನ ವೇಗ ಬಹುತೇಕ 9600, ಉಳಿದ ಸೆಟಿಂಗ್ 8-ಎನ್-1, ಫ್ಲೋ ಕಂಟ್ರೋಲ್ ಇಲ್ಲ. ಪರದೆಯಲ್ಲಿ ಕಸ ಬಂದರೆ 115200 ಪ್ರಯತ್ನಿಸಿ. ಈಗ ಬ್ರೇಕರ್ ಹಾಕಿ. ಫ್ಯಾನ್‌ಗಳು ಮೊದಲು ಪೂರ್ತಿ ವೇಗದಲ್ಲಿ ಅರಚಿ ಆಮೇಲೆ ಇಳಿಯಬೇಕು. ಇಳಿಯದಿದ್ದರೆ ಒಂದು ಫ್ಯಾನ್ ನಿಂತಿದೆ, ಉಳಿದವು ಅದರ ಪಾಲನ್ನೂ ಎಳೆಯುತ್ತಿವೆ. ಬೂಟ್ ಮುಗಿದ ಮೇಲೆ ತಾಪ, ಫ್ಯಾನ್ ವೇಗ, ಒಳಗಿನ ವೋಲ್ಟೇಜ್ ತೋರಿಸುವ ಕಮಾಂಡ್ ಕೊಟ್ಟು ಆ ಅಂಕಿಗಳನ್ನು ಬರೆದಿಡಿ. ಮುಂದೊಮ್ಮೆ ಹೋಲಿಸಲು ಬೇಕಾಗುತ್ತವೆ.

ಆಮೇಲೆ ಒಂದು ಕನೆಕ್ಟರ್ ಸಿಕ್ಕಿಸಿ, ಎಂಡಿಎಫ್‌ನಲ್ಲೇ ಜಂಪರ್ ಹಾಕದೆ ಒಂದು ಒಳ್ಳೆಯ ಮೋಡೆಮ್ ಹಿಡಿದು 24 ಪೋರ್ಟ್‌ಗಳನ್ನೂ ಒಂದೊಂದಾಗಿ ಮುಟ್ಟಿ. ಬೇಸರದ ಕೆಲಸವೇ, ಒಂದು ಪೋರ್ಟ್‌ಗೆ ಒಂದೂವರೆ ನಿಮಿಷ ಬೇಕು. ಆದರೆ ಈ ಹಂತದಲ್ಲಿ ದೂರವೇ ಇಲ್ಲದ್ದರಿಂದ ಎಡಿಎಸ್‌ಎಲ್2+ನಲ್ಲಿ 24 ಎಂಬಿಪಿಎಸ್‌ನ ಹತ್ತಿರ, ಅಟೆನ್ಯುಯೇಶನ್ (ದಾರಿಯಲ್ಲಿ ಸಿಗ್ನಲ್ ಸೊರಗುವ ಪ್ರಮಾಣ) ಸೊನ್ನೆಯ ಹತ್ತಿರ ಬರಲೇಬೇಕು. ಬಾರದ ಪೋರ್ಟ್ ಈಗಲೇ ಗೊತ್ತಾದರೆ ಮುಂದೆ ಹೊರಗಿನ ಕೇಬಲ್ ಅಗೆದು ನೋಡುವ ಪ್ರಸಂಗ ತಪ್ಪುತ್ತದೆ.

ಹೊರಗಿನ ಪೇರ್ ಕಟ್ಟಿದ ಮೇಲೆ ನೋಡಬೇಕಾದ ಅಂಕಿ ಎರಡು. ಎಸ್‌ಎನ್‌ಆರ್ ಮಾರ್ಜಿನ್ (ಗಲಾಟೆಯ ಎದುರು ಸಿಗ್ನಲ್‌ಗೆ ಉಳಿದಿರುವ ಮೀಸಲು) 6 ಡೆಸಿಬಲ್‌ಗಿಂತ ಕೆಳಗಿದ್ದರೆ ಲೈನ್ ಬಿದ್ದು ಏಳುತ್ತಿರುತ್ತದೆ. ಎಡಿಎಸ್‌ಎಲ್‌ನ ಅಟೆನ್ಯುಯೇಶನ್ ಅನ್ನು ಸುಮಾರು 14ರಿಂದ ಭಾಗಿಸಿದರೆ ಕಿಲೋಮೀಟರಿನಲ್ಲಿ ದೂರದ ಅಂದಾಜು ಸಿಗುತ್ತದೆ. ಮನೆ ಅರ್ಧ ಕಿಲೋಮೀಟರ್ ದೂರ, ಅಂಕಿ 40 ಎಂದರೆ ನಡುವೆ ಎಲ್ಲೋ ಕೆಟ್ಟ ಕೀಲು ಇದೆ. ಪೇರ್‌ನ ತುದಿ ಕೂಡಿಸಿ ಅಳೆದ ಲೂಪ್ ಕೂಡ ಹೋಲಿಸಿ: 0.5 ಮಿ.ಮೀ. ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 180 ಓಮ್, 0.4ಕ್ಕೆ ಸುಮಾರು 280.

ಮೆಗರ್ (ಹೆಚ್ಚಿನ ವೋಲ್ಟೇಜ್ ಹಾಯಿಸಿ ಇನ್ಸುಲೇಶನ್ ಅಳೆಯುವ ಮೀಟರ್) ಹಿಡಿಯುವ ಮುನ್ನ ಪೇರ್ ಅನ್ನು ಡಿಸ್‌ಲ್ಯಾಮ್‌ನಿಂದ ಬೇರ್ಪಡಿಸಿ. ಕ್ರೋನ್ ಮಾಡ್ಯೂಲ್‌ಗೆ ಡಿಸ್‌ಕನೆಕ್ಟ್ ಪ್ಲಗ್ ತುರುಕಿದರೆ ಸಾಕು. ಪೋರ್ಟ್ ಕಡೆಗೆ ಮೆಗರ್ ವೋಲ್ಟೇಜ್ ಹರಿಸುವುದೆಂದರೆ ಕೈಯಾರೆ ಸಿಡಿಲು ಬಡಿಸಿದಂತೆ.

## ಎಷ್ಟು ಪೋರ್ಟ್ ಹೋಗಿವೆ ಎಂದು ಎಣಿಸಿ

ದೋಷ ಎಲ್ಲಿದೆ ಎನ್ನುವುದನ್ನು ಸತ್ತ ಪೋರ್ಟ್‌ಗಳ ಸಂಖ್ಯೆಯೇ ಹೇಳುತ್ತದೆ. ಒಂದೇ ಪೋರ್ಟ್ ಹೋಗಿದ್ದರೆ ಜಂಪರ್, ಹೊರಗಿನ ಪೇರ್, ಇಲ್ಲವೇ ಆ ಪೋರ್ಟ್‌ನ ಲೈನ್ ಡ್ರೈವರ್ (ಸಿಗ್ನಲ್ ಅನ್ನು ಲೈನ್‌ಗೆ ತಳ್ಳುವ ಚಿಪ್). ಇನ್ನೊಂದು ಖಾಲಿ ಪೋರ್ಟ್‌ಗೆ ಜಂಪರ್ ಬದಲಿಸಿದರೆ ತಿಳಿಯುತ್ತದೆ. ಸಾಲಾಗಿ 8 ಅಥವಾ 12 ಹೋದರೆ ಒಂದು ಡಿಎಸ್‌ಎಲ್ ಚಿಪ್, ಬೋರ್ಡ್ ರಿಪೇರಿಗೆ ಹೋಗಬೇಕು. 24 ಒಟ್ಟಿಗೆ ಹೋದರೆ ಕನೆಕ್ಟರ್ ಅಥವಾ ಕೇಬಲ್. 48ಕ್ಕೆ 48 ಸಿಂಕ್ ಇದ್ದೂ ಇಂಟರ್ನೆಟ್ ಇಲ್ಲದಿದ್ದರೆ ಅಪ್‌ಲಿಂಕ್. ಹೋದ ಪೋರ್ಟ್‌ಗಳಿಗೆ ಒಂದಕ್ಕೊಂದು ಸಂಬಂಧವಿಲ್ಲದೆ, ಅವೆಲ್ಲ ಒಂದೇ ಡಿಪಿ ಬಾಕ್ಸ್‌ನ (ಮನೆಗಳಿಗೆ ಪೇರ್ ಹಂಚುವ ಹೊರಗಿನ ಪೆಟ್ಟಿಗೆ) ಮನೆಗಳಾದರೆ ಡಬ್ಬದ ಕಡೆ ನೋಡಬೇಡಿ, ಡಿಪಿಗೆ ನೀರು ಹೋಗಿದೆ.

ಒಂದು ವಿಚಿತ್ರ ದೋಷವೂ ಇದೆ: ಫೋನ್ ಸತ್ತಿದೆ, ಇಂಟರ್ನೆಟ್ ಮಾತ್ರ ಕುಂಟುತ್ತ ನಡೆಯುತ್ತಿದೆ. ಜೋಡಿಯ ಒಂದು ತಂತಿ ತುಂಡಾಗಿದೆ. ಡಿಸಿಗೆ ದಾಟಲಾಗದ ಆ ಬಿರುಕನ್ನು ಮೇಲಿನ ಆವರ್ತನ ಕೆಪಾಸಿಟೆನ್ಸ್ ಮೂಲಕ ಹಾರಿ ದಾಟುತ್ತದೆ. ಇಂಟರ್ನೆಟ್ ಬರುತ್ತಿದೆಯಲ್ಲ, ಹಾಗಾದರೆ ಪೇರ್ ಸರಿ ಇದೆ ಎಂದು ಹಿಂದಿರುಗಬೇಡಿ.

## ಚಾಸಿ ಮಾದರಿಯಾದರೆ

ನೂರಾರು ಲೈನ್‌ಗೆ 48ರ ಡಬ್ಬಗಳನ್ನು ಪೇರಿಸುವುದಕ್ಕಿಂತ ಚಾಸಿ ಲೇಸು, ಅದರಲ್ಲೂ ವೆಕ್ಟರಿಂಗ್ ಬೇಕಿದ್ದರೆ. 2010ರ ಜಿ.993.5 ಮಾನದಂಡದ ಪ್ರಕಾರ ಪಕ್ಕದ ಪೇರ್‌ಗಳ ಗಲಾಟೆಯನ್ನು ಲೆಕ್ಕ ಹಾಕಿ ಅಳಿಸಲು ಒಂದೇ ಕೇಬಲ್‌ನ ಎಲ್ಲ ಪೇರ್‌ಗಳೂ ಒಂದೇ ವೆಕ್ಟರಿಂಗ್ ಗುಂಪಿನಲ್ಲಿರಬೇಕು. ಒಂದೇ 100 ಪೇರ್ ಕೇಬಲ್ ಅನ್ನು ಎರಡು ಬೇರೆ ಡಬ್ಬಗಳಿಗೆ ಹಂಚಿದರೆ ಒಂದರ ಗಲಾಟೆ ಇನ್ನೊಂದಕ್ಕೆ ಕಾಣುವುದಿಲ್ಲ.

ಕಾರ್ಡ್ ಸಿಕ್ಕಿಸುವಾಗ ಮಣಿಕಟ್ಟಿಗೆ ಇಎಸ್‌ಡಿ (ಸ್ಥಿರವಿದ್ಯುತ್ ಇಳಿಸುವ) ಪಟ್ಟಿ ಇರಲಿ. ಹಳಿಯಲ್ಲಿ ನೇರ ಜಾರಿಸಿ, ಕೊನೆಯ ಒಂದು ಸೆಂ.ಮೀ.ಗೆ ಎಜೆಕ್ಟರ್ ಸನ್ನೆಕೋಲುಗಳನ್ನು ಎರಡೂ ಕಡೆ ಒಟ್ಟಿಗೆ ಒತ್ತಿ. ಬಿಗಿ ಅನ್ನಿಸಿದರೆ ನಿಲ್ಲಿಸಿ, ಹೊರಗೆಳೆದು ಟಾರ್ಚ್ ಹಿಡಿದು ಬ್ಯಾಕ್‌ಪ್ಲೇನ್ (ಕಾರ್ಡ್‌ಗಳು ಕೂರುವ ಹಿಂಬದಿಯ ಬೋರ್ಡ್) ನೋಡಿ. ಕೆಟ್ಟ ಕಾರ್ಡ್ ಬದಲಿಸಬಹುದು, ಬ್ಯಾಕ್‌ಪ್ಲೇನ್‌ನ ಪಿನ್ ಬಾಗಿದರೆ ಇಡೀ ಚಾಸಿ ಬಿಚ್ಚಬೇಕು. ಖಾಲಿ ಸ್ಲಾಟ್‌ಗೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಗಾಳಿ ಸುಲಭದ ದಾರಿ ಹಿಡಿದು ಆ ರಂಧ್ರದಿಂದ ಹೊರಗೆ ಹೋಗುತ್ತದೆ, ತುಂಬಿದ ಕಾರ್ಡ್‌ಗಳು ಬೇಯುತ್ತವೆ. ಎಡಿಎಸ್‌ಎಲ್2+ ಪೋರ್ಟ್ ಲೈನ್‌ಗೆ ಬಿಡುವುದು 100 ಮಿಲಿವ್ಯಾಟ್‌ನಷ್ಟು, ಅದಕ್ಕಾಗಿ ಲೈನ್ ಡ್ರೈವರ್ ನುಂಗುವುದು ಅದರ ಹಲವು ಪಟ್ಟು. ಉಳಿದದ್ದೆಲ್ಲ ಬಿಸಿ.

ಫ್ಯಾನ್ ಫಿಲ್ಟರ್ ಅನ್ನು ಮೂರು ತಿಂಗಳಿಗೊಮ್ಮೆ, ರಸ್ತೆ ಬದಿಯ ಕ್ಯಾಬಿನೆಟ್ ಆದರೆ ತಿಂಗಳಿಗೊಮ್ಮೆ ತೆಗೆದು ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ. ಒಣಗಲು ಹೊತ್ತು ಬೇಕಾದ್ದರಿಂದ ಎರಡು ಫಿಲ್ಟರ್ ಇಟ್ಟುಕೊಂಡು ಸರದಿ ಮಾಡುವುದು ಅನುಕೂಲ. ಫ್ಯಾನ್ ಟ್ರೇ ಹೊರಗಿರುವ ಹೊತ್ತು ಎರಡು ನಿಮಿಷ ದಾಟದಂತೆ ಬದಲಿ ಟ್ರೇಯನ್ನು ಕೈಯಲ್ಲಿ ಹಿಡಿದುಕೊಂಡೇ ಹಳೆಯದನ್ನು ಎಳೆಯಿರಿ.